ಮೂರನೇ ಜಿನ್ನಿನ ಗೂಟ

ತೇವಾರದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಹೊಸದಾಗಿ ಬಂದ ಹೆಂಗಸರಿಗೆ ಓಚ್ಚಮ್ಮಾಳ್ ಮೊದಲು ಹೇಳುತ್ತಿದ್ದದ್ದು ಸೆರಗಿನ ಮಾತು. ಸೆರಗನ್ನು ಬಿಗಿಯಾಗಿ ಎಳೆದು ಸೊಂಟಕ್ಕೆ ಎರಡು ಸುತ್ತು ಸುತ್ತಿ ಸಿಕ್ಕಿಸಬೇಕು. ಆಮೇಲೆ ಕೂದಲು. ಜಡೆ ಇಳಿಬಿಟ್ಟು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ, ತಾನೇ ತುರುಬು ಕಟ್ಟಿ, ಮೇಲೊಂದು ಬಟ್ಟೆ ಬಿಗಿಯುತ್ತಿದ್ದಳು. ಬಳೆ ಬಿಚ್ಚಿ ಗೋಡೆಯ ಗೂಡಿನಲ್ಲಿ ಇಡಬೇಕು. "ಗಂಡ ಇರೋಳು ಬಳೆ ಬಿಚ್ಚೋದಾ ದೊಡ್ಡಮ್ಮಾ?" ಎಂದು ಯಾರಾದರೂ ಮುಖ ಸಣ್ಣ ಮಾಡಿದರೆ, "ಬಳೆ ಸಾಯಂಕಾಲ ಹಾಕ್ಕೋಬೌದು ಕಣೆ. ಮುಂಗೈ ಹಾಕ್ಕೋಳಕ್ಕೆ ಆಯ್ತದಾ?" ಎನ್ನುತ್ತಿದ್ದಳು.

ಅಷ್ಟು ಎಚ್ಚರದ ಹೆಂಗಸು. ಅವಳ ಕಣ್ಣೆದುರಿಗೇ, ಅವಳು ಹೇಳಿದ ಮಾತಿನ ಮೇಲೆಯೇ, ಅವಳ ಸೊಸೆಯ ಕೈ ಮೂರನೇ ಜಿನ್ನಿನ ಬಾಯಿಗೆ ಹೋಯಿತು.

ಆಗ ಓಚ್ಚಮ್ಮಾಳಿಗೆ ನಲವತ್ತಾರು ವರ್ಷ. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡಿಕೊಂಡು ಬಂದ ಬೇಸಾಯದ ಮನೆತನ ಅವಳದು. ಪೆರಿಯಾರಿನ ನೀರು ಬೆಟ್ಟ ಹಾಯ್ದು ಕಣಿವೆಗೆ ಇಳಿದು ಎರಡು ವರ್ಷವಾಗಿತ್ತು. ನೀರು ಹತ್ತಿದ ಹೊಲದವರೆಲ್ಲ ಭತ್ತಕ್ಕೆ ಬಿದ್ದರು. ತೇವಾರದ ಕರಿನೆಲಕ್ಕೆ ಆ ನೀರು ಏರಲಿಲ್ಲ, ಅಲ್ಲಿ ಹತ್ತಿಯೇ ಬೆಳೆ. ಆ ಹತ್ತಿಯನ್ನು ನಂಬಿ ದಿಂಡುಗಲ್ಲಿನ ಒಬ್ಬ ಧಣಿ, ಮೊದಲಾಳಿ ಎಂದೇ ಎಲ್ಲರೂ ಕರೆಯುವವನು, ಊರಾಚೆ ಉದ್ದನೆಯ ಕೊಟ್ಟಿಗೆ ಕಟ್ಟಿಸಿ, ಕಾರ್ತಿಗೈ ತಿಂಗಳಲ್ಲಿ ನಾಲ್ಕು ಜಿನ್ನು ತರಿಸಿ ನಿಲ್ಲಿಸಿದ. ಕೈರಾಟೆಯಲ್ಲಿ ಹತ್ತಿ ಬಿಡಿಸಿ ಬಿಡಿಸಿ ಹೆಸರಾಗಿದ್ದ ಓಚ್ಚಮ್ಮಾಳನ್ನು ಹೆಂಗಸರ ಮೇಲ್ವಿಚಾರಣೆಗೆ ಇಟ್ಟರು.

ಗೋಡೆಯ ಆ ಕಡೆ ಸೌದೆ ತಿಂದು ಹಬೆ ಬಿಡುವ ಎಂಜಿನ್ನು. ಅದು ಸೂರಿನ ಕೆಳಗೆ ಹಾದುಹೋದ ಒಂದು ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ದಂಡದಿಂದ ಒಂದೊಂದು ಜಿನ್ನಿಗೆ ಒಂದೊಂದು ತೊಗಲಿನ ಪಟ್ಟಿ ಇಳಿದಿತ್ತು. ಜಿನ್ನಿನ ಬಾಯಲ್ಲಿ ಹತ್ತಿಯನ್ನು ಒಳಗೆಳೆಯುವ ಒಂದು ತೊಗಲುರುಳೆ, ಬೀಜವನ್ನು ಬಡಿದು ಉದುರಿಸುವ ಒಂದು ಅಲಗು. ಜಿನ್ನಿನ ಪಕ್ಕದಲ್ಲಿ ಒಂದಕ್ಕೊಂದು ತಾಗಿದ ಹಾಗೆ ಎರಡು ಗಾಲಿ. ಪಟ್ಟಿ ಒಂದರ ಮೇಲಿದ್ದರೆ ಜಿನ್ನು ಓಡುತ್ತದೆ, ಪಕ್ಕದ್ದರ ಮೇಲಿದ್ದರೆ ಗಾಲಿ ಮಾತ್ರ ಸುಮ್ಮನೆ ತಿರುಗುತ್ತದೆ, ಜಿನ್ನು ನಿಲ್ಲುತ್ತದೆ. ಹೆಂಗಸರು ಅವಕ್ಕೆ ದುಡಿಯೋ ಗಾಲಿ, ಸೋಮಾರಿ ಗಾಲಿ ಎಂದು ಹೆಸರಿಟ್ಟಿದ್ದರು. ಪಟ್ಟಿಯನ್ನು ಆ ಕಡೆಗೆ ಈ ಕಡೆಗೆ ತಳ್ಳಲು ಮರದ ಒಂದು ಹಿಡಿಕೋಲು. ಕೋಲಿನಲ್ಲಿ ಒಂದು ತೂತು, ಹಿಂದಿನ ಚೌಕಟ್ಟಿನಲ್ಲಿ ಒಂದು ತೂತು. ಎರಡೂ ಎದುರಾದಾಗ ಅದಕ್ಕೊಂದು ಗೂಟ ತೂರಿಸಿ ಕೋಲನ್ನು ನಿಲ್ಲಿಸುವುದು.

ಹೊಸಬರಿಗೆ ಇದನ್ನೆಲ್ಲ ಓಚ್ಚಮ್ಮಾಳ್ ಎತ್ತಿನ ಮಾತಿನಲ್ಲಿ ಹೇಳುತ್ತಿದ್ದಳು. "ಪಟ್ಟಿ ಸೋಮಾರಿ ಗಾಲಿಗೆ ಹೋಯ್ತಾ? ಎತ್ತು ಬಿಚ್ಚಿದಂಗೆ. ಬಿಚ್ಚಿದ ಎತ್ತು ತಾನಾಗೆ ಬಂದು ನೊಗಕ್ಕೆ ಕತ್ತು ಕೊಡ್ತದಾ? ಕೊಡಲ್ಲ. ಭಯ ಬೇಡ, ಕೈ ಹಾಕಿ ಕಿತ್ತು ತೆಗೀರಿ."

ಜಿನ್ನು ಬಂದ ಮೂರು ತಿಂಗಳಿಗೆ, ಮಾಸಿಯ ಒಂದು ಶುಕ್ರವಾರ, ಹೊತ್ತು ನೆತ್ತಿಗೆ ಬರುವ ಮುಂಚೆ, ಮೂರನೇ ಜಿನ್ನಿನ ತೊಗಲುರುಳೆಗೆ ಒದ್ದೆ ಹತ್ತಿ ಸುತ್ತಿಕೊಂಡಿತು. ಅಲ್ಲಿ ಕೂತಿದ್ದವಳು ಮೂಕಮ್ಮಾಳ್, ಓಚ್ಚಮ್ಮಾಳಿನ ಮಗ ಅಯ್ಯನಾರ್‌ನ ಹೆಂಡತಿ, ಇಪ್ಪತ್ತು ತುಂಬದ ಹುಡುಗಿ.

"ಅತ್ತೇ, ಇದು ನುಂಗ್ತಾ ಇಲ್ಲ!"

ಓಚ್ಚಮ್ಮಾಳ್ ಬಂದಳು. ತಾನೇ ಹಿಡಿಕೋಲು ತಳ್ಳಿದಳು. ಪಟ್ಟಿ ಸೋಮಾರಿ ಗಾಲಿಗೆ ಹೋಯಿತು. ತಾನೇ ಗೂಟ ತೂರಿಸಿದಳು. ಜಿನ್ನು ನಿಂತಿತು. ನಿಂತದ್ದನ್ನು ನೋಡಿದಳು, ಸುಮ್ಮನೆ ಅಲ್ಲ, ಬಗ್ಗಿ ನೋಡಿದಳು.

"ಹೂಂ, ಕೈ ಹಾಕು," ಅಂದಳು.

ಮೂಕಮ್ಮಾಳ್ ಕೈ ಹಾಕಿ ಒಂದು ಉಂಡೆ ಕಿತ್ತಳು, ಎರಡನೇದು ಕಿತ್ತಳು, ಮೂರನೇದು ಕಿತ್ತಳು. ನಾಲ್ಕನೇದಕ್ಕೆ ಬೆರಳು ಒಳಗೆ ಹೋದಾಗ ಪಟ್ಟಿ ಪಟ್ ಎಂದಿತು. ಯಾರೂ ಕೋಲು ಮುಟ್ಟಿರಲಿಲ್ಲ. ಕೋಲಿನ ಹತ್ತಿರವೂ ಯಾರೂ ಇರಲಿಲ್ಲ. ಜಿನ್ನು ಓಡಿತು.

ಮೂಕಮ್ಮಾಳ್ ಕಿರುಚಲಿಲ್ಲ. ಅತ್ತೆಯ ಮುಖ ನೋಡಿದಳು, ಇದೇನು ಹೀಗಾಯಿತು ಎಂದು ಕೇಳುವವಳ ಹಾಗೆ. ಕಿರುಚಿದವಳು ಓಚ್ಚಮ್ಮಾಳ್. ಬಿಡಿಸಿದ ಬಿಳಿ ಹತ್ತಿಯ ರಾಶಿ ಅವಳ ಕಣ್ಣೆದುರಿಗೇ ಕೆಂಪಾಗುತ್ತ ಬಂತು.

ಅಯ್ಯನಾರ್ ಗಾಡಿ ಕಟ್ಟಿ, ಹೆಂಡತಿಯನ್ನೂ ತಾಯಿಯನ್ನೂ ಕೂರಿಸಿಕೊಂಡು ಉತ್ತಮಪಾಳಯಕ್ಕೆ ಓಡಿಸಿದ. ಅಲ್ಲಿ ಗಾಯಕ್ಕೆ ಕಟ್ಟು ಕಟ್ಟುವ ಡ್ರೆಸರು ತೊಳೆದು, ಕತ್ತರಿಸಿ, ಹೊಲಿದ. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ನಡುವಿನ ಮೂರು ಹೋದವು. ನಾಲ್ಕು ದಿನ ಇಲ್ಲೇ ಇರಲಿ ಅಂದ. ಮಗನನ್ನು ಸೊಸೆಯ ಬಳಿ ಬಿಟ್ಟು ಓಚ್ಚಮ್ಮಾಳ್ ಶನಿವಾರ ಬೆಳಗ್ಗೆ ಊರಿಗೆ ಬಂದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಎತ್ತು ಬಿಚ್ಚಿದ್ದೆ. ನಾನೇ ಬಿಚ್ಚಿದ್ದೆ. ಅದು ಹೇಗೆ ಬಂದು ನೊಗ ಹೊತ್ತಿತು?

ಊರಿನಲ್ಲಿ ಎಲ್ಲರಿಗೂ ಉತ್ತರ ಸಿಕ್ಕಾಗಿತ್ತು. ಯಂತ್ರ ರಕ್ತ ಕೇಳಿದೆ. ಹೊಸ ಯಂತ್ರಕ್ಕೆ ಬಲಿ ಕೊಟ್ಟಿರಲಿಲ್ಲ, ಅದೇ ತೆಗೆದುಕೊಂಡಿತು. ಮೊದಲಾಳಿಯ ಪರವಾಗಿ ಜಿನ್ನು ನೋಡಿಕೊಳ್ಳುತ್ತಿದ್ದ ಕಣಕ್ಕುಪಿಳ್ಳೆ ಒಂದು ಆಡು ತರಿಸಿ ಬೇಲಿಗೆ ಕಟ್ಟಿಸಿದ್ದ. ಭಾನುವಾರ ಪೂಜೆ, ಸೋಮವಾರ ಬೆಳಗ್ಗೆ ಕೆಲಸ ಶುರು.

"ಮೂರನೇದಕ್ಕೆ ರಾಜಮ್ಮಾಳನ್ನ ಕೂರಿಸ್ತೀನಿ," ಅಂದ ಕಣಕ್ಕುಪಿಳ್ಳೆ. "ಚುರುಕು ಕೈ."

ರಾಜಮ್ಮಾಳ್ ಏಳು ತಿಂಗಳ ಕೂಸಿನ ತಾಯಿ. ಕೂಸನ್ನು ಹತ್ತಿ ಮೂಟೆಯ ಸಂದಿಯಲ್ಲಿ ಮಲಗಿಸಿ ಕೆಲಸ ಮಾಡುವವಳು. ಅವಳೇ ಓಚ್ಚಮ್ಮಾಳ್ ಮನೆ ಜಗಲಿಗೆ ಬಂದು ಕೂತು, ಮೂಕಮ್ಮಾಳಿಗಾಗಿ ಸ್ವಲ್ಪ ಅತ್ತು, ಮೂಗು ಒರೆಸಿಕೊಂಡು ಹೇಳಿದಳು: "ನಂಗೇನು ಭಯ ಇಲ್ಲ ದೊಡ್ಡಮ್ಮಾ. ನೀವು ಪಕ್ಕದಾಗೆ ಇರ್ತೀರಲ್ಲ. ನೀವು ಹಾಕು ಅಂದಾಗ ಕೈ ಹಾಕ್ತೀನಿ, ಬೇಡ ಅಂದ್ರೆ ಇಲ್ಲ."

ಓಚ್ಚಮ್ಮಾಳ್ ಆ ಹುಡುಗಿಯ ಹತ್ತು ಬೆರಳುಗಳನ್ನೇ ನೋಡಿದಳು. ಒಂದು ಉಗುರಿನಲ್ಲಿ ಇನ್ನೂ ಮದರಂಗಿಯ ಬಣ್ಣ ಉಳಿದಿತ್ತು. ಸೋಮವಾರದೊಳಗೆ ತಿಳಿಯಬೇಕು, ಅಂದುಕೊಂಡಳು. ತಿಳಿಯದೆ ಇವಳನ್ನು ಅಲ್ಲಿ ಕೂರಿಸಿದರೆ ಈ ಕೈಯನ್ನೂ ನಾನೇ ತಿಂದ ಹಾಗೆ.

ಅಲ್ಲಿಂದ ಎದ್ದವಳು ನೇರ ಜಿನ್ನಿಗೆ ಹೋದಳು. ಎಂಜಿನ್ನು ಆರಿತ್ತು. ಮೂರನೇ ಜಿನ್ನಿನ ಮುಂದೆ ನೆಲದ ಮೇಲೆ ಕೂತಳು. ಹತ್ತಿ ಬಿಡಿಸುವ ಕೈ ಅದು, ಅವಸರ ಗೊತ್ತಿಲ್ಲ. ಜಿನ್ನಿನ ಕೆಳಗಿನ ಧೂಳುಹತ್ತಿಯನ್ನು ಹಿಡಿ ಹಿಡಿಯಾಗಿ ತೆಗೆದು, ಬೆರಳಲ್ಲಿ ಬಿಡಿಸಿ ಬಿಡಿಸಿ ಪಕ್ಕಕ್ಕೆ ಹಾಕುತ್ತ ಹೋದಳು. ಮೊದಲು ಬೀಜ ಸಿಕ್ಕಿದವು, ಆಮೇಲೆ ಒಂದು ತೊಗಲಿನ ಚೂರು. ಕೊನೆಗೆ ಗಾಲಿಯ ಬುಡದಲ್ಲಿ ಗೂಟ ಸಿಕ್ಕಿತು.

ಅದು ಅವಳ ಮಗ ಕರಿಜಾಲಿ ಮರದಲ್ಲಿ ಕೆತ್ತಿಕೊಟ್ಟ ಗೂಟ. ಕೆತ್ತಿದಾಗ ಹೆಬ್ಬೆರಳಿನಷ್ಟು ದಪ್ಪ ಇತ್ತು. ಈಗ ನಡುವೆ ಸವೆದು ಬೇವಿನ ಕಡ್ಡಿಯಷ್ಟಾಗಿತ್ತು, ಎಣ್ಣೆ ಕುಡಿದು ನುಣ್ಣಗಾಗಿತ್ತು. ಅವಳು ಅದನ್ನು ತೂತಿಗೆ ತೂರಿಸಿದಳು. ಕೋಲನ್ನು ಬರಿ ಎರಡು ಬೆರಳಿನಲ್ಲಿ ಅಲುಗಿಸಿದಳು. ಗೂಟ ಜಾರಿ ಮಡಿಲಿಗೆ ಬಿತ್ತು.

ಓಚ್ಚಮ್ಮಾಳ್ ಎದ್ದು ಒಂದನೇ ಜಿನ್ನು, ಎರಡನೇದು, ನಾಲ್ಕನೇದು, ಉಳಿದ ಈ ಮೂರು ಜಿನ್ನಿನ ಗೂಟಗಳನ್ನೂ ಕಿತ್ತು ನೋಡಿದಳು. ಮೂರೂ ಅರ್ಧ ಸವೆದಿದ್ದವು. ದಿನಾ ಬೆಳಗ್ಗೆ ಗಾಲಿಗೆ ಎಣ್ಣೆ ಬಿಟ್ಟಿದ್ದಳು, ಪಟ್ಟಿಗೆ ಹರಳೆಣ್ಣೆ ಸವರಿದ್ದಳು, ನೆಲ ಗುಡಿಸಿದ್ದಳು. ಒಂದು ದಿನವೂ ಗೂಟ ಕಿತ್ತು ನೋಡಿರಲಿಲ್ಲ.

ಗೋಡೆಯಾಚೆಯಿಂದ ಪಾಂಡಿ ಬಂದ. ಅವನು ಎಂಜಿನ್ನು ಓಡಿಸುವವನು, ಮಧುರೆ ಕಡೆಯವನು, ಜಿನ್ನು ಬಂದು ಎರಡು ತಿಂಗಳಾದ ಮೇಲೆ, ತೈಯಲ್ಲಿ ಬಂದಿದ್ದ. ಅವನು ತಮಿಳಿನಲ್ಲಿ ಕೇಳುವನು, ಇವರು ಕನ್ನಡದಲ್ಲೇ ಹೇಳುವರು, ಇಬ್ಬರಿಗೂ ತಿಳಿಯುತ್ತಿತ್ತು.

"ಇದೇನಕ್ಕಾ ಕೈಯಲ್ಲಿ?"

"ಗೂಟ."

"ಮರದ ಗೂಟವಾ?" ಪಾಂಡಿ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದ. "ಇಷ್ಟು ದಿನ ಇದರ ಮೇಲೆ ನಿಂತಿತ್ತಾ? ಅಲ್ಲಕ್ಕಾ, ದಂಡ ಹಗಲೆಲ್ಲ ನಡುಗ್ತದೆ, ಕೋಲು ನಡುಗ್ತದೆ. ಗೂಟ ಬಿದ್ದರೆ ಕೋಲು ಸ್ವಲ್ಪ ಸ್ವಲ್ಪ ಸರೀತದೆ. ಪಟ್ಟಿ ತೆವಳ್ಕೊಂಡು ದುಡಿಯೋ ಗಾಲಿಗೆ ಹೋಗ್ತದೆ. ಅದಕ್ಕೇ ಅಲ್ವಾ ಜಿನ್ನಿನ ಜೊತೆ ಕಬ್ಬಿಣದ ಗೂಟ ಕೊಡೋದು? ತಲೆ ಬಾಗಿಸಿ, ಬೀಳದ ಹಾಗೆ ಮಾಡಿರ್ತಾರೆ. ನಾಲ್ಕು ಜಿನ್ನಿಗೆ ನಾಲ್ಕು ಬಂದಿರಬೇಕು. ಎಲ್ಲಿ ಅವು?"

ಓಚ್ಚಮ್ಮಾಳ್ ಊರಿನ ಮೂಡಲ ಕಡೆಗೆ ತಿರುಗಿ ನೋಡಿದಳು.

"ಸಾಮಿಗೆ ಕೊಟ್ವಿ."

"ಏನಂದ್ರಿ?"

"ದೊಡ್ಡಿ ಸಾಮಿಗೆ ಕೊಟ್ವಿ ಪಾಂಡಿ. ನಾನೇ ಕೊಟ್ಟೆ."

ಪಾಂಡಿಗೆ ಮೊದಲು ನಗು ಬಂತು. ಆಮೇಲೆ ಅವಳ ಮುಖ ನೋಡಿ ನಗು ನಿಂತಿತು. ಅವನು ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟ.

ಅದು ಓಚ್ಚಮ್ಮಾಳಿನ ಜನರ ಪದ್ಧತಿ. ಊರಿನ ಮೂಡಲಿಗೆ ದನದ ದೊಡ್ಡಿ, ಅದರಲ್ಲಿ ಸಾಮಿಗೆ ಬಿಟ್ಟ ದನಗಳು. ಆ ದನಗಳ ಕತ್ತಿಗೆ ಎಂದೂ ನೊಗ ಇಡುವಂತಿಲ್ಲ. ದೊಡ್ಡಿಯೊಳಗೆ ಒಂದು ಕಲ್ಲು, ಅದೇ ಸಾಮಿ. ಮನೆಗೆ ಹೊಸ ನೇಗಿಲು ಬಂದರೆ ಅದರ ಉದ್ದನೆಯ ಈಸುಮರಕ್ಕೆ ಹೊಡೆದ ಮೊದಲ ಗೂಟ ಆ ಸಾಮಿಗೆ. ಹೊಸ ಗಾಡಿ ಬಂದರೆ ಗಾಲಿ ಕಳಚದಂತೆ ಹಾಕುವ ಕಡಾಣಿ, ಹೊಸ ನೊಗ ಬಂದರೆ ನೊಗದ ಗೂಟ. ದನ ದುಡಿಸುವ ಗೂಟವನ್ನು ದುಡಿಯದ ದನಗಳ ಸಾಮಿಗೆ ಒಪ್ಪಿಸಿ, ತಾವು ಮರದಲ್ಲಿ ಬೇರೆ ಕೆತ್ತಿಕೊಳ್ಳುವರು. ಒಪ್ಪಿಸಿದ್ದು ಕಬ್ಬಿಣವಾದರೆ ಆ ಜಾಗಕ್ಕೆ ಮತ್ತೆ ಕಬ್ಬಿಣ ಹೋಗಕೂಡದು, ಮರವೇ ಆಗಬೇಕು. ನೇಗಿಲಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಗೂಟ ಸವೆದರೆ ನೇಗಿಲು ನಿಲ್ಲುತ್ತದೆ, ಎತ್ತು ನಿಲ್ಲುತ್ತದೆ, ರೈತ ಬೈದುಕೊಂಡು ಇನ್ನೊಂದು ಕೆತ್ತುತ್ತಾನೆ. ಕಾರ್ತಿಗೈ ತಿಂಗಳಲ್ಲಿ ಜಿನ್ನು ಬಂದಾಗ, ಹೊಸ ಸಾಮಾನಲ್ಲವೇ ಎಂದು, ಓಚ್ಚಮ್ಮಾಳ್ ನಾಲ್ಕು ಕಬ್ಬಿಣದ ಗೂಟಕ್ಕೂ ಅರಿಶಿನ ಹಚ್ಚಿ ತಟ್ಟೆಯಲ್ಲಿಟ್ಟು ದೊಡ್ಡಿಗೆ ಹೊತ್ತೊಯ್ದಿದ್ದಳು. ಜಿನ್ನು ನಿಲ್ಲಿಸಿದವನು ಅಷ್ಟರಲ್ಲಿ ದಿಂಡುಗಲ್ಲಿಗೆ ಹೋಗಿಯಾಗಿತ್ತು. ಬೇಡ ಎನ್ನಲು ತಿಳಿದವರು ಯಾರೂ ಇರಲಿಲ್ಲ.

"ಆಸಾರಿಗೆ ಹೇಳಿ ಬೇರೆ ಹೊಡೆಸಿ ಅಕ್ಕಾ," ಅಂದ ಪಾಂಡಿ. "ಒಂದು ಮಧ್ಯಾಹ್ನದ ಕೆಲಸ."

ಕಮ್ಮಾರ ಆಸಾರಿ ತಿದಿ ಒತ್ತುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಪಾಪ, ಆ ಹುಡುಗಿ, ಅಂದ. ಆಮೇಲೆ ತಲೆ ಅಲ್ಲಾಡಿಸಿದ. "ಪೂಸಾರಿ ಒಂದು ಮಾತು ಹೂಂ ಅನ್ಲಿ ತಾಯೀ, ಈಗ್ಲೇ ಹೊಡೆದು ಕೊಡ್ತೀನಿ. ಅವರು ಹೇಳ್ದೆ ನಾನು ಆ ಜಾಗಕ್ಕೆ ಕಬ್ಬಿಣ ಹೊಡೆದ್ರೆ ನಾಳೆಯಿಂದ ಈ ಊರಿನ ಒಂದು ಕುಡುಗೋಲೂ ನನ್ನ ಕುಲುಮೆಗೆ ಬರಲ್ಲ."

ಪೂಜಾರಿ ರಂಗಸಾಮಿ ಬೇರೆ ಯಾರೂ ಅಲ್ಲ, ಓಚ್ಚಮ್ಮಾಳಿನ ಒಡಹುಟ್ಟಿದ ಅಣ್ಣ. ದೊಡ್ಡಿಯಲ್ಲಿ ಕರುವಿನ ಮೈಯಿಂದ ಉಣ್ಣೆಹುಳ ಕೀಳುತ್ತ ಕೂತಿದ್ದ. ಅವನ ತಲೆಯ ಮೇಲೆ, ಕಲ್ಲಿನ ಹಿಂದಿನ ಕಂಬಕ್ಕೆ, ನೂರಾರು ಗೂಟಗಳು ದಾರದಲ್ಲಿ ತೂಗುತ್ತಿದ್ದವು. ಹಳೆಯವು ಗೆದ್ದಲು ತಿಂದು ಪುಡಿಯಾಗಿದ್ದವು. ನಾಲ್ಕು ಮಾತ್ರ ಕಪ್ಪಗೆ ಮಿಂಚುತ್ತಿದ್ದವು. ಓಚ್ಚಮ್ಮಾಳ್ ಅವನ್ನೇ ನೋಡುತ್ತ ಅಣ್ಣನ ಎದುರು ಕೂತಳು.

"ಅಣ್ಣಾ, ಆ ನಾಲ್ಕು ನಂಗೆ ಬೇಕು."

"ತಂಗಚ್ಚಿ, ಬಿಸಿಲಾಗೆ ಬಂದೀಯಾ. ನೀರು ಕುಡಿ."

"ನೀರು ಬೇಡ. ಅವು ಇಲ್ದೇನೆ ಮೂಕಮ್ಮಾಳ ಕೈ ಹೋಯ್ತು. ಸೋಮವಾರ ರಾಜಮ್ಮಾಳ್ ಕೂರ್ತಾಳೆ."

ಅವಳು ಎಲ್ಲವನ್ನೂ ಹೇಳಿದಳು. ಸವೆದ ಗೂಟವನ್ನು ಅವನ ಅಂಗೈಗೆ ಇಟ್ಟಳು. ರಂಗಸಾಮಿ ಕೆಟ್ಟವನಲ್ಲ. ತಂಗಿಯ ಸೊಸೆಯ ಸುದ್ದಿ ಕೇಳಿ ಎರಡು ಹೊತ್ತು ಊಟ ಬಿಟ್ಟಿದ್ದ. ಆದರೆ ಕೊಟ್ಟದ್ದನ್ನು ವಾಪಸು ಕೇಳುವ ಮಾತು ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಅವನು ಬೆಚ್ಚಿಬಿದ್ದ.

"ಸಾಮಿ ಮಡಿಲಿಗೆ ಹಾಕಿದ್ದಕ್ಕೆ ಕೈ ಹಾಕ್ತೀಯಾ? ನಮ್ಮ ಅಪ್ಪ, ಅವರಪ್ಪ, ಯಾರಾದ್ರೂ ಕೇಳಿದ್ದುಂಟಾ? ನಾಲ್ಕು ಕೊಟ್ರೆ ನಾಳೆ ಊರೋರೆಲ್ಲ ಕಡಾಣಿ ಕೇಳ್ತಾರೆ. ಯಂತ್ರಕ್ಕೆ ಶಾಂತಿ ಆಗಿಲ್ಲ, ಅದಕ್ಕೆ ಹಿಂಗಾಯ್ತು. ನಾಳೆ ನಾನೇ ಬಂದು ಮಾಡ್ತೀನಿ. ಆ ಗೂಟಕ್ಕೂ ಮಾಡ್ತೀನಿ, ತಗೋ."

"ಸವೆದ ಗೂಟಕ್ಕೆ ಪೂಜೆ ಮಾಡಿದ್ರೆ ದಪ್ಪ ಆಯ್ತದಾ ಅಣ್ಣಾ?"

"ಬಾಯಿ ಮುಚ್ಚು," ಅಂದ ರಂಗಸಾಮಿ. ತಂಗಿಗೆ ಆ ಮಾತನ್ನು ಅವನು ಅದೇ ಮೊದಲ ಸಲ ಅಂದದ್ದು.

ಭಾನುವಾರ ಬೆಳಗ್ಗೆ ಜಿನ್ನಿನ ಕೊಟ್ಟಿಗೆ ಜನರಿಂದ ತುಂಬಿತು. ಓಚ್ಚಮ್ಮಾಳ್ ಬೆಳಗ್ಗೆಯೇ ಮಗನ ಉಳಿಯಿಂದ ಹೊಸ ಜಾಲಿ ಗೂಟ ಕೆತ್ತಿ ತಂದಿದ್ದಳು. ಕಬ್ಬಿಣ ಇಲ್ಲದಿದ್ದರೆ ದಪ್ಪನೆಯ ಮರವಾದರೂ ಇರಲಿ ಎಂದು. ರಂಗಸಾಮಿ ಅದನ್ನು ಪಕ್ಕಕ್ಕಿಟ್ಟ. ತಪ್ಪು ಮಾಡಿದ್ದು ಹಳೆಯದು, ಶುದ್ಧಿಯಾಗಬೇಕಾದದ್ದು ಹಳೆಯದು, ಅದು ತನ್ನ ಜಾಗದಲ್ಲೇ ಇರಬೇಕು. ಎಂಜಿನ್ನನ್ನೂ ಓಡಿಸಬೇಕು ಅಂದ. "ಉಸಿರು ನಿಂತ ಯಂತ್ರಕ್ಕೆ ಹೂ ಇಟ್ಟರೆ ಹೆಣಕ್ಕೆ ಇಟ್ಟಂಗೆ."

ಕಣಕ್ಕುಪಿಳ್ಳೆಗೂ ಅದೇ ಬೇಕಿತ್ತು. ಸೋಮವಾರಕ್ಕೆ ಮುಂಚೆ ಒಮ್ಮೆ ಓಡಿಸಿ ನೋಡಿದ ಹಾಗಾಯಿತು. ಪಾಂಡಿ ಗೋಡೆಯಾಚೆಗೆ ಹೋಗಿ ಹಬೆ ಬಿಟ್ಟ. ಸೂರಿನ ಕೆಳಗೆ ದಂಡ ತಿರುಗತೊಡಗಿತು. ನಾಲ್ಕು ಪಟ್ಟಿಯೂ ಸೋಮಾರಿ ಗಾಲಿಯ ಮೇಲೆ ಓಡುತ್ತಿದ್ದವು, ನಾಲ್ಕು ಜಿನ್ನೂ ಸುಮ್ಮನೆ ನಿಂತಿದ್ದವು. ಗಂಡಸರು ಮುಂದೆ, ಹೆಂಗಸರು ಮೂಟೆಗಳ ಹಿಂದೆ. ಓಚ್ಚಮ್ಮಾಳ್ ಮಾತ್ರ ಮೂರನೇ ಜಿನ್ನಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು, ಅಲ್ಲಿಂದ ಕದಲಲಿಲ್ಲ.

ರಂಗಸಾಮಿ ಸವೆದ ಗೂಟವನ್ನು ತೂತಿಗೆ ತೂರಿಸಿ, ಅದಕ್ಕೆ ಕೈತುಂಬ ನೀರುಗಂಧ ಮೆತ್ತಿ, ಕುಂಕುಮ ಇಟ್ಟ.

ಗಂಧ. ಓಚ್ಚಮ್ಮಾಳ್ ಅದನ್ನು ಕಂಡಳು. ಮೊದಲೇ ಎಣ್ಣೆ ಕುಡಿದ ಗೂಟ, ಅದರ ಮೇಲೆ ಹಸಿ ಗಂಧ. ಅವಳು ಎಣಿಸತೊಡಗಿದಳು. ಏಕೆ ಎಂದು ಅವಳಿಗೇ ತಿಳಿಯದು, ಕೈರಾಟೆಯ ಕಾಲದ ಅಭ್ಯಾಸ, ಬಾಯೊಳಗೇ ಎಣಿಸಿದಳು. ಇಪ್ಪತ್ತಕ್ಕೆ ಕುಂಕುಮದ ಬೊಟ್ಟು ಒಂದು ಗುಲಗಂಜಿಯಷ್ಟು ಕೆಳಗಿತ್ತು. ಮೂವತ್ತಕ್ಕೆ ಗೂಟದ ತಲೆ ಕೋಲಿನಿಂದ ಅರ್ಧ ಬೆರಳು ಹೊರಗೆ ಬಂದಿತ್ತು. ರಂಗಸಾಮಿ ಚೆಂಡು ಹೂವಿನ ಹಾರ ತೆಗೆದುಕೊಂಡ. ಹಾರವನ್ನು ಎಲ್ಲಿ ಹಾಕಬೇಕು ಎಂದು ನೋಡಿ, ರಕ್ತ ಬಿದ್ದ ಜಾಗವೇ ಸರಿ ಎಂದುಕೊಂಡು, ಉರುಳೆಗೂ ಅಲಗಿಗೂ ನಡುವೆ ಕೈ ಇಳಿಸಿದ.

"ಅಣ್ಣಾ, ಕೈ ತೆಗಿ!"

"ಸುಮ್ನಿರು."

"ಪಾಂಡೀ, ನಿಲ್ಸೋ!" ಎಂಜಿನ್ನಿನ ಸದ್ದಿನಲ್ಲಿ ಗೋಡೆಯಾಚೆಗೆ ಅದು ಕೇಳಲಿಲ್ಲ.

"ಹೆಂಗಸರ ಬಾಯಿಗೆ ಇವತ್ತೂ ಬೀಗ ಇಲ್ವಾ?" ಎಂದು ಗಂಡಸರಲ್ಲಿ ಯಾರೋ ನಕ್ಕರು.

ನಾಲ್ಕು ಹೆಜ್ಜೆಯನ್ನು ಅವಳು ಹೇಗೆ ದಾಟಿದಳೋ. ಪೂಜೆಗೆ ಕೂತ ಪೂಜಾರಿಯ ಮುಂಗೈ ಮೇಲೆ, ಊರೆಲ್ಲ ನೋಡುತ್ತಿರುವಾಗ, ಮುಷ್ಟಿ ಕಟ್ಟಿ ಒಂದು ಏಟು ಹಾಕಿದಳು. ಕೈ ಹೊರಗೆ ಬಂತು. ಹಾರ ಒಳಗೇ ಉಳಿಯಿತು. ಜನ ಹೋ ಎಂದರು. ಕಣಕ್ಕುಪಿಳ್ಳೆ ಅವಳ ತೋಳು ಹಿಡಿದು ಎಳೆದ.

ಆಗ ಗೂಟ ಕಳಚಿ ಬಿತ್ತು, ಪಟ್ಟಿ ಪಟ್ ಎಂದಿತು.

ಜಿನ್ನು ಹಾರವನ್ನು ಎಳೆದುಕೊಂಡಿತು. ಅಲಗು ಬಡಿಯಿತು, ಬಡಿಯಿತು, ಬಡಿಯುತ್ತಲೇ ಇತ್ತು. ಹಳದಿ ಎಸಳು ಚೂರು ಚೂರಾಗಿ ಹಾರಿ ಮುಂದೆ ನಿಂತಿದ್ದ ಗಂಡಸರ ಮುಖಕ್ಕೆ, ಎದೆಗೆ, ಕಣಕ್ಕುಪಿಳ್ಳೆಯ ಪೇಟಕ್ಕೆ ಬಿತ್ತು. ಒಬ್ಬನು ಮುಖ ಒರೆಸಿಕೊಂಡು ಕೈಯನ್ನೇ ನೋಡಿಕೊಂಡ, ಹೂವೋ ಇನ್ನೇನೋ ಎಂದು. ಪಾಂಡಿ ಹೊಸ ಸದ್ದು ಕೇಳಿ ಹಬೆ ಮುಚ್ಚಿ ಓಡಿಬಂದಾಗಲೂ ಜನ ಹಾಗೆಯೇ ನಿಂತಿದ್ದರು.

ರಂಗಸಾಮಿ ಏಟು ಬಿದ್ದ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. ಬೆರಳುಗಳನ್ನು ಮಡಿಸಿದ, ಬಿಚ್ಚಿದ.

"ಗೂಟ ಎಷ್ಟು ಹೊತ್ತು ತಡೀತು?" ಎಂದು ಕೇಳಿದ.

"ಗಂಧ ಹಚ್ಚಿದ್ಮೇಲೆ ನಲವತ್ತೆರಡು ಎಣಿಸಿದ್ದೆ."

"ನಲವತ್ತೆರಡು," ಅಂದ ಅವನು. ಬೇರೇನೂ ಅನ್ನದೆ ಹೊರಗೆ ನಡೆದ. ಬರಿಗಾಲಲ್ಲಿ, ಅಂಗವಸ್ತ್ರ ಜಾರಿದ್ದೂ ತಿಳಿಯದೆ, ದೊಡ್ಡಿಯ ದಾರಿ ಹಿಡಿದ. ಓಚ್ಚಮ್ಮಾಳ್ ಹಿಂದೆ ಹೋದಳು. ದೊಡ್ಡಿಯಲ್ಲಿ ಅವನು ಕಲ್ಲಿಗೆ ಅಡ್ಡಬಿದ್ದು ಬಹಳ ಹೊತ್ತು ಏಳಲಿಲ್ಲ. ಎದ್ದವನು ಕಂಬದಿಂದ ನಾಲ್ಕು ಕಬ್ಬಿಣದ ಗೂಟ ಬಿಚ್ಚಿದ. ಬಿಗಿದ ಗಂಟು ಬಿಡಿಸಲಾಗದೆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ.

"ಸಾಮಿಯೇ ಕೊಡ್ತು ಅಂತ ಊರಿಗೆ ಹೇಳ್ತೀನಿ ತಂಗಚ್ಚಿ."

"ಸಾಮಿ ಕೊಡ್ತು ಅನ್ನು, ನೀನು ಕೊಟ್ಟೆ ಅನ್ನು, ನಂಗೆ ಯಾವುದಾದ್ರೂ ಸರಿ. ನಾಲ್ಕೂ ಕೊಡು."

ಬೇಲಿಗೆ ಕಟ್ಟಿದ ಆಡು ಆ ದಿನ ಯಾರಿಗೂ ನೆನಪಾಗಲಿಲ್ಲ. ಸಾಯಂಕಾಲದವರೆಗೂ ಹತ್ತಿ ಕಡ್ಡಿ ಮೇಯುತ್ತ ಅಲ್ಲೇ ಇತ್ತು.

ಸೋಮವಾರ ಎಂಜಿನ್ನು ಓಡಿತು. ರಾಜಮ್ಮಾಳ್ ಮೂರನೇ ಜಿನ್ನಿನಲ್ಲಿ ಕೂತಳು. ಹತ್ತು ಗಳಿಗೆಯಾಗುವಷ್ಟರಲ್ಲಿ 'ನುಂಗ್ತಾ ಇಲ್ಲ' ಎಂದು ಕೂಗಿದಳು. ಓಚ್ಚಮ್ಮಾಳ್ ಕೋಲು ಮುಟ್ಟಲಿಲ್ಲ. "ನೀನೇ ತಳ್ಳು," ಅಂದಳು. "ಕೈ ಹಾಕೋಳು ನೀನು, ಗೂಟ ಹಾಕೋಳೂ ನೀನೇ. ಹಾಕಿದ್ಯಾ? ಕೋಲನ್ನ ಮೂರು ಸಲ ಜಗ್ಗು. ಇನ್ನೂ ಜೋರಾಗಿ. ನಾನು ಸರಿ ಅಂದೆ ಅಂತ ನಂಬಬೇಡ ಕಣೆ, ನಾನು ಹೇಳಿದ್ದು ತಪ್ಪಾಗಿತ್ತು. ನಿನ್ನ ಕಣ್ಣಲ್ಲಿ ನೋಡು." ಆಮೇಲೆ ದಿನಾ ಎಣ್ಣೆ ಬಿಡುವ ಮೊದಲು ನಾಲ್ಕು ಗೂಟವನ್ನೂ ಕಿತ್ತು, ಒರೆಸಿ, ಬೆರಳಿಂದ ತಡವಿ ನೋಡುವುದು ಅಲ್ಲಿಯ ಮೊದಲ ಕೆಲಸವಾಯಿತು. ರಾಜಮ್ಮಾಳ್ ಅಂದು ಎಂಟು ಸಲ ಕೈ ಹಾಕಿದಳು. ಎಂಟು ಸಲವೂ ಓಚ್ಚಮ್ಮಾಳ್ ಅವಳ ಬೆರಳು ಎಣಿಸಿದಳು. ಸಂಜೆ ಆ ಕೈಗಳು ಕೂಸಿಗೆ ಹಾಲೂಡಲು ರವಿಕೆ ಸಡಿಲಿಸಿದವು. ಹತ್ತು ಬೆರಳೂ ಇದ್ದವು.

ಮೂಕಮ್ಮಾಳ್ ಊರಿಗೆ ಬಂದಮೇಲೆ ಓಚ್ಚಮ್ಮಾಳ್ ಅವಳ ಎದುರು ಕೂತು, ಗೂಟವನ್ನು ಸಾಮಿಗೆ ಕೊಟ್ಟದ್ದು, ಮರದ್ದು ಸವೆದದ್ದು, ತಾನು ನೋಡದೆ ಹೋದದ್ದು, ಏನನ್ನೂ ಬಿಡದೆ ಹೇಳಿದಳು. ಸೊಸೆ ಬೈಯಲಿ ಎಂದು ಕಾದಳು. ಮೂಕಮ್ಮಾಳ್ ಬೈಯಲಿಲ್ಲ. ಏನೂ ಕೇಳದವಳ ಹಾಗೆ ಎಡಗೈಯಲ್ಲಿ ಅಕ್ಕಿ ಆರಿಸುತ್ತ ಕೂತಳು. ಹಾಗೆಯೇ ಒಂದು ತಿಂಗಳು ಕಳೆಯಿತು. ಬೈದಿದ್ದರೆ ಓಚ್ಚಮ್ಮಾಳ್ ತಡೆದುಕೊಳ್ಳುತ್ತಿದ್ದಳು.

ಪಂಗುನಿ ತಿಂಗಳಲ್ಲಿ ಒಂದು ಬೆಳಗ್ಗೆ ಮೂಕಮ್ಮಾಳ್ ತಾನಾಗಿಯೇ ಜಿನ್ನಿಗೆ ಬಂದಳು. ಬಾಗಿಲಲ್ಲಿ ನಿಂತು ಸೆರಗನ್ನು ಒಂದೇ ಕೈಯಲ್ಲಿ ಎರಡು ಸುತ್ತು ಸುತ್ತಿಕೊಂಡಳು. ಎಂಜಿನ್ನು ಇನ್ನೂ ಓಡಿರಲಿಲ್ಲ.

"ಅದು ಯಾವುದು ಅತ್ತೆ?"

ಓಚ್ಚಮ್ಮಾಳ್ ಮೂರನೇ ಜಿನ್ನಿನ ಗೂಟವನ್ನು ಕಿತ್ತು ಕೊಟ್ಟಳು. ಮೂಕಮ್ಮಾಳ್ ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿದಳು. ಆಮೇಲೆ ಬಲ ಅಂಗೈ ಚಾಚಿ, ನಡುಬೆರಳು ಇದ್ದ ಜಾಗದಲ್ಲಿ ಅದನ್ನು ಉದ್ದಕ್ಕೆ ಇಟ್ಟಳು. ಸರಿಯಾಗಿ ಅಷ್ಟೇ ಉದ್ದ ಇತ್ತು.

"ಇಷ್ಟೇನಾ ಅತ್ತೆ?" ಅಂದಳು. ಸ್ವರದಲ್ಲಿ ಕೋಪ ಇರಲಿಲ್ಲ, ನಂಬಲಾಗದ ಬೆರಗು ಇತ್ತು. "ಇದು ಇದ್ದಿದ್ರೆ ಸಾಕಾಗಿತ್ತಾ?"

ಓಚ್ಚಮ್ಮಾಳ್ ಹಿಡಿಕೋಲನ್ನು ತಳ್ಳಿ ಎರಡು ತೂತನ್ನೂ ಎದುರಾಗಿಸಿದಳು. ಮೂಕಮ್ಮಾಳ್ ಗೂಟವನ್ನು ಅದರ ತೂತಿಗೆ ಹಾಕಿ, ಮೂರು ಸಲ ಜಗ್ಗಿ ನೋಡಿದಳು. ಗೋಡೆಯಾಚೆ ಪಾಂಡಿ ಹಬೆ ಬಿಟ್ಟ, ದಂಡ ತಿರುಗಿತು, ಪಟ್ಟಿ ಸೋಮಾರಿ ಗಾಲಿಯ ಮೇಲೆ ಓಡತೊಡಗಿತು. ಓಚ್ಚಮ್ಮಾಳಿನ ಎರಡು ಕೈಯೂ ಹಿಡಿಕೋಲನ್ನು ಗಟ್ಟಿಯಾಗಿ ಅಪ್ಪಿ ಹಿಡಿದಿದ್ದವು.

"ಬಿಡಿ ಅತ್ತೆ," ಅಂದಳು ಮೂಕಮ್ಮಾಳ್. "ಗೂಟ ಹಾಕ್ಯದೆ. ನೀವು ಹಿಡ್ಕೊಳೋದು ಬೇಡ."

ಓಚ್ಚಮ್ಮಾಳ್ ಕೂಡಲೇ ಬಿಡಲಿಲ್ಲ.